ಕೌದಿಯ ಮೇಲಿನ ವಿಮಾನ

ಹೊಳೆಮಣ್ಣೂರ
2 ಜುಲೈ 2019

ರೋಣದವರಿಗೆ,

ಅಸ್ಸಲಾಮು ಅಲೈಕುಂ. ನಿಮ್ಮ ಹೆಸರು ಬರೆಯದೆ ಊರಿನ ಹೆಸರು ಬರೆದೆನೆಂದು ಬೇಸರ ಬೇಡ. ಗಂಡನಾಗುವವನ ಹೆಸರು ಹಿಡಿಯಬಾರದು ಎಂದು ನಮ್ಮ ದಾದಿ, ಅಂದರೆ ಅಪ್ಪನ ತಾಯಿ, ಖಾಜಾಬಿಯ ಕಟ್ಟಪ್ಪಣೆ. ಲಕೋಟೆಯ ಮೇಲೆ ಬರೆಯಲೇಬೇಕಲ್ಲ ಎಂದೆ. "ಅದು ಟಪಾಲಿನವಂಗ ಬರಿಯೂದು, ನಿನಗಲ್ಲ" ಅಂದಳು.

ಉಂಗುರ ತೊಡಿಸಿ ಹೋದ ದಿನವೇ ಅವಳು ಇನ್ನೊಂದು ಕಾಯಿದೆ ಮಾಡಿದ್ದಾಳೆ. ನಿಕಾಹ ಆಗುವತನಕ ನಾವಿಬ್ಬರೂ ಫೋನಿನಲ್ಲಿ ಮಾತಾಡಕೂಡದು. ಪತ್ರ ಬರೆಯಬಹುದು, ಆದರೆ ಹೋಗುವ ಪತ್ರವನ್ನೂ ಬರುವ ಪತ್ರವನ್ನೂ ಅವಳ ಮುಂದೆ ಗಟ್ಟಿಯಾಗಿ ಓದಬೇಕು. ಈಗಲೂ ಎದುರಿಗೇ ಕೂತಿದ್ದಾಳೆ. ಹಳೇ ಸೀರೆ, ಲುಂಗಿಗಳ ತುಂಡು ಹರಡಿಕೊಂಡು ನಮ್ಮ ಮದುವೆಗೆ ಕೌದಿ ಹೊಲಿಯುತ್ತಿದ್ದಾಳೆ. ಮನೆಯಲ್ಲಿ ಆಡುವ ಮಾತು ಯಾವುದಾದರೇನು, ನೀವೂ ನಾನೂ ಕಲಿತದ್ದು ಕನ್ನಡ ಸಾಲಿಯಲ್ಲಿ, ಬರೆಯಲು ಬರುವುದು ಇದೊಂದೇ. ತಪ್ಪಿದ್ದರೆ ತಿದ್ದಿ ಓದಿಕೊಳ್ಳಿ. ನರಗುಂದದ ಹೈಸ್ಕೂಲಿನಲ್ಲಿ ಗಣಿತ ಹೇಳುವವಳು ನಾನು, ಕನ್ನಡ ಟೀಚರಲ್ಲ.

ಮುಂದಿನ ಸಾಲುಗಳನ್ನು ದಾದಿಗೆ ಓದುವಾಗ ಹಾರಿಸುತ್ತೇನೆ. ಉಂಗುರದ ದಿನ ಫೋಟೋದವನು ನಮ್ಮಿಬ್ಬರನ್ನು ಅಕ್ಕಪಕ್ಕ ಕೂಡಿಸಿದಾಗ ನಾನು ನಿಮ್ಮನ್ನು ಒಂದು ಮಾತು ಕೇಳಿದೆ. ನೀವು ನಗುತ್ತ ಎದುರಿಗೇ ನೋಡುತ್ತ ಕೂತಿರಿ. ನಿಕಾಹದ ದಿನ ಖಾಜಿಯವರು ನನ್ನನ್ನು ಒಪ್ಪಿಗೆ ಕೇಳುತ್ತಾರೆ. ಏನು ಹೇಳಬೇಕೆಂಬುದು ನಿಮ್ಮ ಆ ಉತ್ತರದ ಮೇಲೆ ನಿಂತಿದೆ. ಎರಡನೇ ಸಲ ಕೇಳುವ ಸ್ವಭಾವ ನನ್ನದಲ್ಲ. ನೀವಾಗಿಯೇ ಬರೆಯಿರಿ.

ಕೌಸರ

*

ಜೋಧಪುರ
11 ಜುಲೈ 2019

ಕೌಸರ ಅವರಿಗೆ,

ವಾಲೈಕುಂ ಅಸ್ಸಲಾಮ್. ನೀವು ಕೇಳಿದ್ದು ನನಗೆ ಚೆನ್ನಾಗಿ ನೆನಪಿದೆ. ಆವತ್ತಿನ ಗದ್ದಲದಲ್ಲಿ ಹೇಳಲಾಗಲಿಲ್ಲ, ಈಗ ವಿವರವಾಗಿ ಬರೆಯುತ್ತೇನೆ.

ನಾನು ವಿಮಾನ ಹಾರಿಸುವುದಿಲ್ಲ. ರೋಣದಲ್ಲೂ ಎಲ್ಲರೂ ಹಾಗೇ ತಿಳಿದಿದ್ದಾರೆ, ಅಪ್ಪ ಯಾರನ್ನೂ ತಿದ್ದುವುದಿಲ್ಲ. ನಾನು ವಾಯುಪಡೆಯಲ್ಲಿ ವಿಮಾನದ ಮೈ ನೋಡಿಕೊಳ್ಳುವ ಫಿಟ್ಟರ್. ನಮ್ಮ ವಿಮಾನಕ್ಕೆ ಬಹಾದ್ದೂರ ಎಂದು ಹೆಸರು. ಬೇರೆ ವಿಮಾನಗಳ ರೆಕ್ಕೆ ಮಾಡಿಟ್ಟ ಹಾಗೇ ಇರುತ್ತವೆ. ಇದರ ರೆಕ್ಕೆ ಹಾರುತ್ತಿರುವಾಗಲೇ ಹಿಂದಕ್ಕೂ ಮುಂದಕ್ಕೂ ಸರಿಯುತ್ತವೆ. ನೆಲ ಬಿಟ್ಟು ಏಳುವಾಗ ಎರಡೂ ಬದಿಗೆ ಚಾಚಿರುತ್ತವೆ. ಹಾಗೆ ಚಾಚಿದರೆ ಮೆಲ್ಲಗೆ ಹೋದರೂ ಗಾಳಿ ವಿಮಾನವನ್ನು ಹೊರುತ್ತದೆ. ಜೋರಾಗಿ ಹೋಗಬೇಕೆನ್ನಿಸಿದಾಗ ಪೈಲಟ್ ಎಡಗಡೆಯ ಹಿಡಿಕೆಯನ್ನು ಸರಿಸುತ್ತಾನೆ, ರೆಕ್ಕೆ ಹಿಂದಕ್ಕೆ ಮಡಚಿಕೊಂಡು ಮೈಗೆ ಒತ್ತಿಕೊಳ್ಳುತ್ತವೆ. ಹದಿನಾರು ಡಿಗ್ರಿ, ನಲವತ್ತೈದು, ಎಪ್ಪತ್ತೆರಡು, ಹೀಗೆ ಮೂರು ನಿಲುವು. ನೀವು ಗಣಿತದವರು, ನಿಮಗೆ ಹೇಳಬೇಕಿಲ್ಲ.

ಅಷ್ಟು ದೊಡ್ಡ ರೆಕ್ಕೆ ತಿರುಗುವುದು ಬುಡದಲ್ಲಿರುವ ಒಂದೇ ಕೀಲಿನ ಮೇಲೆ, ತಲಬಾಗಿಲು ತಿರುಗಿದ ಹಾಗೆ. ಆ ಕೀಲನ್ನು ಒರೆಸಿ, ಪರೀಕ್ಷಿಸಿ, ಗ್ರೀಸು ತುಂಬುವುದು ನನ್ನ ಕೆಲಸ. ಇಲ್ಲಿ ಫೋಟೋ ತೆಗೆಯುವಂತಿಲ್ಲ, ಅದಕ್ಕೆ ಮೂರೂ ನಿಲುವುಗಳ ಚಿತ್ರ ಕೆಳಗೆ ಬರೆದಿದ್ದೇನೆ. ನಿಮ್ಮ ಪ್ರಶ್ನೆಗೆ ಉತ್ತರ ಸಿಕ್ಕಿತೆಂದು ನಂಬಿದ್ದೇನೆ. ದಾದಿಗೆ ನನ್ನ ಸಲಾಂ.

ತನ್ವೀರ

*

ಹೊಳೆಮಣ್ಣೂರ
24 ಜುಲೈ 2019

ರೋಣದವರಿಗೆ,

ನಿಮ್ಮ ವಿಮಾನ ನಮ್ಮ ಮನೆಯಲ್ಲಿ ಇಳಿದು ಕೂತುಬಿಟ್ಟಿದೆ. ದಾದಿ ನಿಮ್ಮ ಪತ್ರವನ್ನು ಮೂರು ಸಲ ಓದಿಸಿದಳು. "ಹಕ್ಕಿನೂ ಹಂಗ ಮಾಡ್ತಾವಲ್ಲ ಬೇ. ಗಿಡಗ ಕೋಳಿಮರಿ ಮ್ಯಾಲೆ ಬೀಳಾಗ ರೆಕ್ಕಿ ಮಡಚತೈತಿ. ಇದ ನೋಡಿ ಕಲತಾರ ತಗೋ" ಅಂದಳು. ಆಮೇಲೆ ಕೌದಿಯ ನಡುವೆ ಬಿಡಿಸಬೇಕೆಂದಿದ್ದ ಹೂವನ್ನು ರದ್ದು ಮಾಡಿ, ನಿಮ್ಮ ಚಿತ್ರ ನೋಡಿ ನೀಲಿ ಲುಂಗಿಯ ಬಟ್ಟೆಯಲ್ಲಿ ವಿಮಾನ ಕತ್ತರಿಸಿದ್ದಾಳೆ. ಮೂರರಲ್ಲಿ ಪೂರ್ತಿ ಮಡಚಿದ ರೆಕ್ಕೆಯೇ ಆಗಬೇಕಂತೆ. ಯಾಕೆ ಎಂದು ಕೇಳಿದರೆ, "ಹಂಗಿದ್ರ ಹುಡುಗ ಲಗೂ ಬರ್ತಾನ" ಅಂದಳು.

ನನ್ನ ಒಂಬತ್ತನೇ ತರಗತಿಯವರಿಗೂ ಕೋನಮಾಪಕ ಹಿಡಿಸಿ ನಿಮ್ಮ ಹದಿನಾರು, ನಲವತ್ತೈದು, ಎಪ್ಪತ್ತೆರಡು ಬರೆಸಿದೆ. ಕೋನದ ಪಾಠದಲ್ಲಿ ಯಾರೂ ಆಕಳಿಸದೇ ಇದ್ದದ್ದು ಇದೇ ಮೊದಲು. ಅದಕ್ಕೆ ನಿಮಗೆ ಉಪಕಾರ ಹೇಳಲೇಬೇಕು.

ಇನ್ನು ಹಾರಿಸಿ ಓದುವ ಸಾಲುಗಳು. ನೀವು ಮಾತು ತೇಲಿಸುವುದರಲ್ಲಿ ಭಾರೀ ಜಾಣರು. ನಾನು ಕೇಳಿದ್ದಕ್ಕೆ ಒಂದು ಪದದ ಉತ್ತರ ಸಾಕಿತ್ತು, ನೀವು ವಿಮಾನ ನಿಲ್ಲಿಸಿಬಿಟ್ಟಿರಿ. ಹೇಳಲು ಸಂಕೋಚವಾದರೆ ಆ ಸಂಕೋಚವನ್ನೇ ಉತ್ತರ ಎಂದು ತಿಳಿಯಲೇ? ನನಗೆ ಸಿಟ್ಟು ಬಂದಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ.

ಕೌಸರ

*

ಜೋಧಪುರ
3 ಆಗಸ್ಟ್ 2019

ಕೌಸರ ಅವರಿಗೆ,

ಸಿಟ್ಟಾಗಬೇಡಿ. ನಾನು ಮಾತು ತೇಲಿಸಿದ್ದಲ್ಲ. ಮದುವೆಯ ನಂತರ ಎಲ್ಲಿರುವುದು, ನಿಮ್ಮ ನೌಕರಿ ಏನಾಗುತ್ತದೆ ಎಂಬುದನ್ನೇ ಅಲ್ಲವೇ ನೀವು ಕೇಳಿದ್ದು? ಉತ್ತರ ನನಗೇ ಗೊತ್ತಿಲ್ಲದ್ದರಿಂದ ಬರೆಯಲಿಲ್ಲ. ಈ ಡಿಸೆಂಬರಿನಲ್ಲಿ ಬಹಾದ್ದೂರ ವಿಮಾನಗಳಿಗೆಲ್ಲ ನಿವೃತ್ತಿ. ನಮ್ಮಲ್ಲಿ ರೆಕ್ಕೆ ಮಡಚುವ ವಿಮಾನ ಇದರ ನಂತರ ಇನ್ನೊಂದಿಲ್ಲ. ಆಮೇಲೆ ನನ್ನನ್ನು ಎಲ್ಲಿಗೆ ಕಳಿಸುತ್ತಾರೋ ನೋಡಬೇಕು. ಎಲ್ಲಿಗೆ ಹೋದರೂ ಅಲ್ಲಿ ಗಣಿತ ಕಲಿಯುವ ಮಕ್ಕಳಿರುತ್ತಾರೆ.

ಹತ್ತು ವರ್ಷ ಒಂದೇ ಕೀಲಿಗೆ ಗ್ರೀಸು ತುಂಬಿದವನಿಗೆ ಈಗ ಬೇರೆ ಕೆಲಸ ಕಲಿ ಅಂದರೆ ಹೇಗಿರುತ್ತದೆ ಹೇಳಿ. ಇದನ್ನು ಇಲ್ಲಿ ಯಾರ ಮುಂದೂ ಆಡಿಲ್ಲ, ನಿಮಗೆ ಬರೆಯಬೇಕೆನ್ನಿಸಿತು.

ಈ ಸಲವಾದರೂ ಉತ್ತರ ಸರಿಯಾಗಿದೆಯೇ?

ತನ್ವೀರ

*

ಜೋಧಪುರ
14 ಆಗಸ್ಟ್ 2019

ಕೌಸರ ಅವರಿಗೆ,

ಮಲಪ್ರಭೆ ಹೊಳೆಮಣ್ಣೂರಿನೊಳಗೆ ಬಂದದ್ದನ್ನು ಟಿವಿಯಲ್ಲಿ ನೋಡಿದೆ. ಮನೆಯ ಮಾಳಿಗೆ ಮಾತ್ರ ಕಾಣುವ ಓಣಿಗಳನ್ನು ತೋರಿಸಿದರು, ಅದರಲ್ಲಿ ನಿಮ್ಮದು ಯಾವುದೆಂದು ಗೊತ್ತಾಗಲಿಲ್ಲ. ದಾದಿಯ ಕಾಯಿದೆ ಮುರಿಯಲೆಂದು ಫೋನು ಕೈಗೆತ್ತಿಕೊಂಡೆ, ನಿಮ್ಮ ನಂಬರೇ ನನ್ನ ಹತ್ತಿರ ಇಲ್ಲ. ಕೊನೆಗೆ ಅಪ್ಪ ಖಾಜಾಸಾಬ ರೋಣದಿಂದ ವಿಚಾರಿಸಿ ಹೇಳಿದರು: ಎಲ್ಲರೂ ಗಜೇಂದ್ರಗಡದಲ್ಲಿ ನಿಮ್ಮ ಅತ್ತೆ ಮಕ್ತುಮಬಿಯವರ ಮನೆಯಲ್ಲಿದ್ದೀರಿ ಎಂದು. ಆ ದಿನ ಹೊಟ್ಟೆತುಂಬ ಉಂಡೆ.

ಉತ್ತರದ ಮಾತು ಇರಲಿ. ಹೇಗಿದ್ದೀರಿ ಎಂದಷ್ಟೇ ಬರೆಯಿರಿ.

ತನ್ವೀರ

*

ಗಜೇಂದ್ರಗಡ
3 ಸೆಪ್ಟೆಂಬರ್ 2019

ರೋಣದವರಿಗೆ,

ಎಲ್ಲರೂ ಜೀವದಿಂದ ಇದ್ದೇವೆ. ನೀರು ಬಾಗಿಲಿಗೆ ಬಂದಾಗ ಅಪ್ಪ ಕಾಳಿನ ಚೀಲ ಎತ್ತಿದರು, ನಾನು ಮಕ್ಕಳ ಉತ್ತರಪತ್ರಿಕೆ ಎತ್ತಿದೆ, ದಾದಿ ಕೌದಿ ಎತ್ತಿದಳು. ಅದನ್ನು ತಲೆಯ ಮೇಲೆ ಹೊತ್ತು ಮೊಣಕಾಲುಮಟ್ಟದ ನೀರಿನಲ್ಲಿ ನಡೆದಳು. ನಮ್ಮನ್ನು ಕರೆದೊಯ್ಯಲು ಬಂದ ಟ್ರ್ಯಾಕ್ಟರಿನವನು "ಅಜ್ಜಿ, ಮದ್ಲ ನೀ ಹತ್ತು" ಅಂದರೆ, "ಮದ್ಲ ವಿಮಾನ ಹತ್ತಿಸು" ಅಂದಳು. ಅಷ್ಟು ಭಯದಲ್ಲೂ ಅವನಿಗೆ ನಗು ಬಂತು.

ಇಲ್ಲಿ ಅತ್ತೆಯ ಮನೆಯಿಂದ ಗುಡ್ಡದ ಮೇಲಿನ ಗಾಳಿಯಂತ್ರಗಳು ಕಾಣುತ್ತವೆ. "ಅದರ ರೆಕ್ಕಿ ಮಡಚಾಕ ಬರತೈತೇನು?" ಎಂದು ದಾದಿ ದಿನಕ್ಕೊಮ್ಮೆ ಕೇಳುತ್ತಾಳೆ. ಬರುವುದಿಲ್ಲ ಎಂದರೆ ನಿಮ್ಮ ವಿಮಾನಕ್ಕೇ ಗೆಲುವಾದಂತೆ ಖುಷಿಪಡುತ್ತಾಳೆ. ನಿಮ್ಮ ಹದಿನಾಲ್ಕನೇ ತಾರೀಖಿನ ಪತ್ರ ಇಲ್ಲಿಗೆ ಬಂತು. ಅದಕ್ಕೂ ಮೊದಲು ಬರೆದದ್ದಿದ್ದರೆ ಅದು ಹೊಳೆಯ ಪಾಲಾಗಿದೆ.

ಇನ್ನು ಮುಂದಿನದನ್ನು ಬೇರೆ ಹಾಳೆಯಲ್ಲೇ ಬರೆದಿದ್ದೇನೆ. ದಾದಿಗೆ ಓದಿ ಹೇಳುವುದಿಲ್ಲ.

ನಮ್ಮ ಮನೆಯ ಹಿಂದಿನ ಗೋಡೆ ಬಿದ್ದಿದೆ. ಅಪ್ಪ ನಿಮ್ಮ ತಂದೆಯವರನ್ನು ನೋಡಲು ರೋಣಕ್ಕೆ ಹೋಗುತ್ತಾರಂತೆ. "ಅವರು ಈ ಸಂಬಂಧ ಬ್ಯಾಡ ಅಂದ್ರ ಬ್ಯಾಸರಾ ಮಾಡ್ಕೊಳ್ಳೂದಿಲ್ಲ ಅಂತ ನಾನ ಹೇಳಿಬಿಡ್ತೀನಿ. ಅವರಿಗೂ ಹಗರ ಆಕ್ಕೈತಿ" ಎಂದು ನಿನ್ನೆ ಅತ್ತೆಯ ಮುಂದೆ ಹೇಳುತ್ತಿದ್ದರು. ನಾನು ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತ ಕೇಳಿಸಿಕೊಂಡೆ.

ಹಾಗಾಗಿ ಎರಡನೇ ಸಲ ಕೇಳುವುದಿಲ್ಲ ಎಂದವಳು ಕೇಳುತ್ತಿದ್ದೇನೆ. ಫೋಟೋ ತೆಗೆಯುವಾಗ ನಾನು ಕೇಳಿದ್ದು ಇಷ್ಟೇ: ನೀವು ನಿಮ್ಮ ಮನಸ್ಸಿನಿಂದ ಒಪ್ಪಿದ್ದೀರೋ, ನಿಮ್ಮ ಅಪ್ಪ ಹೇಳಿದರೆಂದು ಒಪ್ಪಿದ್ದೀರೋ? ಅಪ್ಪನ ಮಾತಿಗೆ ಕಟ್ಟುಬಿದ್ದು ಬಂದವನ ಜೊತೆ ನಾನು ಬಾಳಲಾರೆ. ನಮ್ಮ ಅತ್ತೆ ಹಾಗೆ ಬಾಳಿದ್ದನ್ನು ಕಂಡಿದ್ದೇನೆ. ಉಂಡೆಯಾ ಎಂದು ಗಂಡಹೆಂಡತಿ ಇಬ್ಬರೂ ಒಬ್ಬರನ್ನೊಬ್ಬರು ಕೇಳಲಿಲ್ಲ.

ಈಗ ಗೋಡೆ ಬೇರೆ ಬಿದ್ದಿದೆ. ಇಲ್ಲ ಎನ್ನುವುದಾದರೆ ಇದಕ್ಕಿಂತ ಸುಲಭದ ಹೊತ್ತು ಸಿಗುವುದಿಲ್ಲ.

ಕೌಸರ

*

ಜೋಧಪುರ
15 ಸೆಪ್ಟೆಂಬರ್ 2019

ಕೌಸರ ಅವರಿಗೆ,

ನೀವು ಕೇಳಿದ್ದು ನನಗೆ ಕೇಳಿಸಿರಲೇ ಇಲ್ಲ.

ಮೂರು ವರ್ಷದ ಹಿಂದೆ ನನಗೆ ಒಂದು ಜ್ವರ ಬಂತು. ಜ್ವರ ಹೋಗುವಾಗ ಎಡಗಿವಿಯನ್ನು ತೆಗೆದುಕೊಂಡು ಹೋಯಿತು. ಇಲ್ಲಿ ಎಲ್ಲರೂ ವಿಮಾನದ ಸದ್ದಿಗೆ ಹೀಗಾಯಿತು ಅನ್ನುತ್ತಾರೆ, ಪಾಪ, ಅದರದೇನೂ ತಪ್ಪಿಲ್ಲ. ದವಾಖಾನೆಯಲ್ಲಿ ಪರೀಕ್ಷೆ ಮಾಡಿ, ನೌಕರಿಗೆ ತೊಂದರೆಯಿಲ್ಲ, ಆದರೆ ಎಂಜಿನ್ ಚಾಲೂ ಇರುವಾಗ ಹತ್ತಿರ ನಿಲ್ಲಬೇಡ ಎಂದರು. ಅಂದಿನಿಂದ ನಾನು ನಿಂತ ವಿಮಾನಗಳನ್ನು ಮಾತ್ರ ಮುಟ್ಟುತ್ತೇನೆ. ಮನೆಯಲ್ಲಿ ಅಪ್ಪನಿಗೊಬ್ಬನಿಗೇ ಗೊತ್ತು. "ಲಗ್ನಾ ಆದಮ್ಯಾಲೆ ಹೇಳೂಣಂತ, ಈಗ ಬ್ಯಾಡ" ಅಂದರು. ನಾನೂ ಹೂಂ ಅಂದೆ.

ಫೋಟೋದವನು ನಿಮ್ಮನ್ನು ನನ್ನ ಎಡಕ್ಕೆ ಕೂಡಿಸಿದ. ಆ ಫೋಟೋ ನನ್ನ ಪೆಟ್ಟಿಗೆಯಲ್ಲಿದೆ. ಅದರಲ್ಲಿ ನಿಮ್ಮ ಮುಖ ನನ್ನ ಕಡೆ ತಿರುಗಿದೆ, ತುಟಿ ತೆರೆದಿವೆ. ನಾನು ಎದುರಿಗೆ ನೋಡಿ ಹಲ್ಲು ಕಿರಿಯುತ್ತಿದ್ದೇನೆ. ನಿಮ್ಮ ಮೊದಲ ಪತ್ರ ಬಂದ ಮೇಲೆ ಆ ಫೋಟೋವನ್ನು ಎಷ್ಟು ನೋಡಿದೆನೋ ಲೆಕ್ಕವಿಲ್ಲ. ಏನು ಕೇಳಿರಬಹುದು ಎಂದು ಊಹಿಸಿ ಊಹಿಸಿ ಮೊದಲು ವಿಮಾನದ ಬಗ್ಗೆ ಬರೆದೆ. ಆಮೇಲೆ ಮನೆ, ನೌಕರಿಯ ಬಗ್ಗೆ ಬರೆದೆ, ಅದು ಹೊಳೆಯ ಪಾಲಾಯಿತು. ಕೇಳಿಸಲಿಲ್ಲ, ಮತ್ತೊಮ್ಮೆ ಹೇಳಿ ಎಂದು ಬರೆಯುವ ಧೈರ್ಯ ಬರಲಿಲ್ಲ. ಕಿವಿಯ ವಿಷಯ ತಿಳಿದರೆ ನೀವು ಬಿಟ್ಟು ಹೋಗುತ್ತೀರೆಂದು ಹೆದರಿದೆ.

ನಿಮ್ಮ ಮನೆಯ ಗೋಡೆ ಬಿದ್ದರೆ ನನಗೇನೂ ಇಲ್ಲ, ರಜೆ ಸಿಕ್ಕರೆ ಬಂದು ಕಲ್ಲು ಹೊರುತ್ತೇನೆ. ಆದರೆ ನಿಮ್ಮ ಪ್ರಶ್ನೆಗೆ ಈಗಲೇ ಉತ್ತರಿಸುವುದು ಸರಿಯಲ್ಲ ಅನ್ನಿಸುತ್ತಿದೆ. ನೀವು ಕೇಳಿದ್ದು ಎರಡು ಕಿವಿಯವನನ್ನು. ಈಗ ಎಲ್ಲ ತಿಳಿದ ಮೇಲೂ ಅದನ್ನೇ ಕೇಳುವ ಮನಸ್ಸಿದ್ದರೆ ಮತ್ತೊಮ್ಮೆ ಕೇಳಿ. ಇಲ್ಲವಾದರೆ ಬರೆಯಲೇಬೇಡಿ, ನಾನು ತಿಳಿದುಕೊಳ್ಳುತ್ತೇನೆ. ಅಪ್ಪನಿಗೂ ನಾನೇ ಹೇಳುತ್ತೇನೆ, ನಿಮ್ಮ ಮೇಲೆ ಮಾತು ಬರದ ಹಾಗೆ.

ಒಂದು ಮಾತು ದಾದಿಗೆ. ಪೂರ್ತಿ ಮಡಚಿದ ರೆಕ್ಕೆ ಜೋರಾಗಿ ಹೋಗುವಾಗ ಸರಿ. ಆದರೆ ಹಾಗೇ ಇದ್ದರೆ ಇಳಿಯುವುದು ಬಹಳ ಕಷ್ಟ. ಮನೆಗೆ ಬರುವ ವಿಮಾನ ರೆಕ್ಕೆ ತೆರೆದುಕೊಂಡೇ ಬರಬೇಕು.

ತನ್ವೀರ

*

ಜೋಧಪುರ
27 ಅಕ್ಟೋಬರ್ 2019

ಕೌಸರ ಅವರಿಗೆ,

ಬರೆಯಬೇಡಿ ಎಂದವನೇ ಬರೆಯುತ್ತಿದ್ದೇನೆ. ನಿಮ್ಮ ತಂದೆ ದಿಲಾವರ ಅವರು ರೋಣಕ್ಕೆ ಬಂದಿದ್ದರಂತೆ. "ಚಹಾ ಕುಡದ್ರು, ಗ್ವಾಡಿ ಮಾತಾಡಿದ್ವಿ, ಕೊಟ್ಟ ಮಾತು ಮಾತ ಅಂದ್ನಿ. ಜನವರಿಯೊಳಗ ಲಗ್ನಾ" ಎಂದು ಅಪ್ಪ ಫೋನಿನಲ್ಲಿ ಹೇಳಿದರು. ಹಿರಿಯರು ತಾರೀಖು ಹಿಡಿದಿದ್ದಾರೆ. ನಿಮ್ಮಿಂದ ಒಂದು ಸಾಲೂ ಇಲ್ಲ. ಖುಷಿಪಡಬೇಕೋ ಬೇಡವೋ ತಿಳಿಯದೆ ಕೂತಿದ್ದೇನೆ.

ಡಿಸೆಂಬರಿನಲ್ಲಿ ಬಹಾದ್ದೂರಕ್ಕೆ ನಿವೃತ್ತಿ, ಇಲ್ಲಿ ವಿಮಾನಗಳನ್ನು ಒಂದೊಂದಾಗಿ ಮೂಲೆಗೆ ನಿಲ್ಲಿಸುತ್ತಿದ್ದೇವೆ. ಜಾಗ ಕಡಿಮೆಯೆಂದು ಹಾಗೆ ನಿಲ್ಲಿಸಿದವುಗಳ ರೆಕ್ಕೆಯನ್ನೆಲ್ಲ ಹಿಂದಕ್ಕೆ ಮಡಚಿಟ್ಟಿದ್ದೇವೆ.

ತನ್ವೀರ

*

ನರಗುಂದ
10 ಡಿಸೆಂಬರ್ 2019

ತನ್ವೀರ ಅವರಿಗೆ,

ಹೌದು, ಹೆಸರು ಬರೆದಿದ್ದೇನೆ. ದಾದಿಗೂ ಹೇಳಿಯೇ ಬರೆದಿದ್ದೇನೆ.

ಇಷ್ಟು ದಿನ ಬರೆಯದ್ದಕ್ಕೆ ಗೋಡೆ ಕಾರಣ, ಸಾಲಿ ಕಾರಣ ಎಂದು ಹೇಳಬಹುದು. ಊರಿಗೆ ಬಸ್ಸು ಸರಿಯಿಲ್ಲದ್ದರಿಂದ ಜೊತೆಯ ಟೀಚರ್ ಅರ್ಚನಾ ಅವರ ಮನೆಯಲ್ಲಿದ್ದೇನೆ, ಭಾನುವಾರಕ್ಕೊಮ್ಮೆ ಹೊಳೆಮಣ್ಣೂರಿಗೆ ಹೋಗಿ ಬರುತ್ತೇನೆ. ಆದರೆ ಖರೇ ಕಾರಣ ಸಿಟ್ಟು. ಕಿವಿಗಲ್ಲ. ಒಂದು ಕಿವಿ ಕೇಳಿಸದಿದ್ದರೆ ಓಡಿಹೋಗುವವಳು ಎಂದು ನನ್ನನ್ನು ನೀವು ತಿಳಿದಿರಲ್ಲ, ಅದಕ್ಕೆ. ಬರೆಯಲೇಬೇಡಿ ಎಂದಿರಲ್ಲ, ಅದಕ್ಕೆ. ಎಷ್ಟು ಸಿಟ್ಟು ಬಂದಿತ್ತೆಂದರೆ, ತಪ್ಪು ಲೆಕ್ಕ ಮಾಡಿದ ಮಕ್ಕಳೆಲ್ಲ ನಿಮ್ಮ ಪಾಲಿನ ಬೈಗುಳ ತಿಂದಿದ್ದಾರೆ.

ಸಿಟ್ಟು ಇಳಿದ ಮೇಲೆ ಒಂದು ಕೆಲಸ ಮಾಡಿದೆ. ಎಡಗಿವಿಗೆ ಹತ್ತಿ ತುರುಕಿ, ಅದರ ಮೇಲೆ ಮೇಣ ಒತ್ತಿ, ವಾರವಿಡೀ ಹಾಗೇ ತಿರುಗಾಡಿದೆ. ಕ್ಲಾಸಿನ ಎಡಸಾಲಿನ ಹುಡುಗಿಯರು ಉತ್ತರ ಹೇಳಿದರೆ ನನಗೆ ತಿಳಿಯುತ್ತಿರಲಿಲ್ಲ. ಬಜಾರದಲ್ಲಿ ಹಿಂದಿನಿಂದ ಕರೆದರೆ ಬಲಕ್ಕೇ ತಿರುಗುತ್ತಿದ್ದೆ. ಎಡಕ್ಕೆ ಕೂತ ಅರ್ಚನಾ ಉಪ್ಪು ಕೇಳಿದರೆ ಸುಮ್ಮನೆ ನಕ್ಕೆ. ಹಾಗೆ ನಗುವಾಗ ಫೋಟೋದಲ್ಲಿನ ನಿಮ್ಮ ನಗು ನೆನಪಾಯಿತು. ಕೇಳಿಸದವರು ಅದೇ ನಗು ನಗುತ್ತಾರೆ. ನನಗೆ ಅಳು ಬಂತು, ಅರ್ಚನಾ ಗಾಬರಿಯಾಗಿ ಉಪ್ಪನ್ನು ತಾನೇ ತಗೊಂಡರು.

ಆ ಭಾನುವಾರ ಊರಿಗೆ ಹೋಗಿ, ಕಿವಿಯ ವಿಷಯ ಬರೆದ ನಿಮ್ಮ ಪತ್ರವನ್ನು ದಾದಿಯ ಮುಂದೆ ಒಂದು ಸಾಲೂ ಹಾರಿಸದೆ ಓದಿದೆ. ಅಪ್ಪನೂ ಇದ್ದರು. ದಾದಿ ಸೂಜಿ ನಿಲ್ಲಿಸಿ, "ನಿಮ್ಮ ದಾದಾಗ ಮಗ್ಗದ ಸಪ್ಪಳಕ್ಕ ಎರಡೂ ಕಿವಿ ಹೋಗಿದ್ವು. ಐದು ಮಕ್ಕಳಾದ್ವು, ಒಂದ ದಿನ ಜಗಳ ಆಗಲಿಲ್ಲ. ಜಗಳಾಡಾಕ ಕೇಳಿಸಬೇಕಲ್ಲ?" ಅಂದಳು. ಅಪ್ಪ ಬಿದ್ದು ಬಿದ್ದು ನಕ್ಕರು. ಆಮೇಲೆ ಎದ್ದು ಹೋಗಿ ಹೊಸ ಗೋಡೆಗೆ ನೀರು ಹೊಡೆಯತೊಡಗಿದರು. ಅವರ ಒಪ್ಪಿಗೆ ಅದೇ.

ನಮ್ಮ ಮನೆತನದಲ್ಲಿ ಮದುಮಗಳನ್ನು ಎಡಕ್ಕೆ ಕೂಡಿಸುವುದು ರೂಢಿ. ನಿಕಾಹ ಮುಗಿದು ಕನ್ನಡಿಯಲ್ಲಿ ಒಬ್ಬರ ಮುಖ ಒಬ್ಬರು ನೋಡುವ ಜಲ್ವಾದ ಹೊತ್ತಿಗೆ ನಾನು ನಿಮ್ಮ ಬಲಕ್ಕೆ ಕೂಡಬೇಕೆಂದು ದಾದಿ ತೀರ್ಪು ಕೊಟ್ಟಿದ್ದಾಳೆ. ಯಾರಾದರೂ ಕೇಳಿದರೆ ಉತ್ತರಿಸುವ ಜವಾಬ್ದಾರಿ ಅವಳದು. ಕೌದಿಯ ವಿಮಾನದ ರೆಕ್ಕೆಗಳನ್ನೂ ಹೊಲಿಗೆ ಬಿಚ್ಚಿ ತೆಗೆದಳು. ಈಗ ಒಂದೊಂದು ರೆಕ್ಕೆಯ ಬುಡಕ್ಕೆ ಒಂದೊಂದು ಗುಂಡಿ ಹಾಕಿದ್ದಾಳೆ. ಎಳೆದರೆ ತೆರೆಯುತ್ತವೆ, ಒತ್ತಿದರೆ ಮಡಚುತ್ತವೆ. "ಅಂವ ಬರೂತನಾ ಮಡಚಿರಲಿ" ಎಂದು ಹೇಳಿ ಮಡಚಿಯೇ ಇಟ್ಟಿದ್ದಾಳೆ.

ಎಲ್ಲ ತಿಳಿದ ಮೇಲೆ, ನಿಮ್ಮ ಬಲಗಿವಿಯ ಹತ್ತಿರ ಬಂದು ಕೇಳುತ್ತಿದ್ದೇನೆ ಎಂದುಕೊಳ್ಳಿ. ನಿಮ್ಮ ಮನಸ್ಸಿನಿಂದಲೋ, ಅಪ್ಪನ ಮಾತಿನಿಂದಲೋ? ನನಗೆ ನೀವು ಬೇಕು. ಆದರೆ ನಿಮ್ಮ ಉತ್ತರವೂ ಬೇಕು.

ಕೌಸರ

*

ಜೋಧಪುರ
28 ಡಿಸೆಂಬರ್ 2019

ಕೌಸರ,

ನಿಮ್ಮ ಪತ್ರ ಬಂದಾಗಿನಿಂದ ಅಂಗಿಯ ಜೇಬಿನಲ್ಲೇ ಇದೆ. ಕೊನೆಯ ಹಾರಾಟದ ತಯಾರಿಯಲ್ಲಿ ಕೂತು ಬರೆಯಲು ಪುರುಸೊತ್ತಾಗಲಿಲ್ಲ. ನಿನ್ನೆ ಅದು ಮುಗಿಯಿತು.

ಎಂಜಿನ್ ಹತ್ತಿರ ಹೋಗುವಂತಿಲ್ಲವಲ್ಲ, ನಾನು ದೂರದಲ್ಲಿ ಬೇಲಿಯ ಪಕ್ಕ ನಿಂತಿದ್ದೆ. ಕೊನೆಗೆ ಉಳಿದಿದ್ದ ವಿಮಾನಗಳೆಲ್ಲ ಮೇಲೆ ಹೋಗಿ ತಿರುಗಿ ಬಂದವು. ಒಂದೊಂದೂ ರೆಕ್ಕೆ ಪೂರ್ತಿ ತೆರೆದು ಮೆಲ್ಲಗೆ ಇಳಿಯಿತು. ಆ ಕೀಲುಗಳಿಗೆ ಹಿಂದಿನ ದಿನ ಗ್ರೀಸು ತುಂಬಿದ್ದು ನಾನೇ. ಇನ್ನು ಯಾರೂ ತುಂಬುವುದಿಲ್ಲ. ದೊಡ್ಡ ದೊಡ್ಡ ಮೀಸೆಯವರೂ ಕಣ್ಣು ಒರೆಸಿಕೊಂಡರು, ನಾನೂ ಒರೆಸಿಕೊಂಡೆ.

ಈಗ ನಿಮ್ಮ ಪ್ರಶ್ನೆ. ಸುಳ್ಳು ಹೇಳಲಾರೆ. ಆವತ್ತು ರೋಣದಿಂದ ಹೊರಟಾಗ ಅಪ್ಪನ ಮಾತಿಗೇ ಹೊರಟಿದ್ದೆ. ನಿಮ್ಮ ಮನೆಯಲ್ಲಿ ಕೂತಾಗಲೂ ಅಪ್ಪನ ಮಾತೇ ಇತ್ತು. ಆಮೇಲೆ ನೀವು ಶರಬತ್ತು ತಂದಿರಿ. ತಟ್ಟೆಯಲ್ಲಿ ಒಂದು ಲೋಟದ ಅಂಚು ಒಡೆದಿತ್ತು. ಅದು ನನ್ನ ಪಾಲಿಗೆ ಬರುವುದಿತ್ತು. ನೀವು ಯಾರಿಗೂ ಕಾಣದ ಹಾಗೆ ಅದನ್ನು ತಿರುಗಿಸಿ ನಿಮಗೆ ಇಟ್ಟುಕೊಂಡಿರಿ. ನಾನು ನೋಡಿದೆ. ಕೇಳಿಸುವುದು ಕಡಿಮೆಯಾದವನು ನೋಡುವುದು ಹೆಚ್ಚು. ಫೋಟೋದವನು ಕರೆಯುವ ಹೊತ್ತಿಗೆ ಅಪ್ಪನ ಮಾತು ನನ್ನದೇ ಆಗಿಹೋಗಿತ್ತು. ಆ ಫೋಟೋದಲ್ಲಿ ನಾನು ನಗುತ್ತಿರುವುದು ಕೇಳಿಸದ್ದಕ್ಕಲ್ಲ. ಅದೊಂದನ್ನು ನೀವು ತಪ್ಪಾಗಿ ತಿಳಿದಿದ್ದೀರಿ.

ಖಾಜಿಯವರು ಕೇಳುವ ಮೊದಲೇ ಹೇಳುತ್ತೇನೆ. ಕಬೂಲ್. ಜಲ್ವಾದ ದಿನ ನನ್ನ ಬಲಕ್ಕೆ ಕೂತು ಏನಾದರೂ ಕೇಳಿ. ಏನು ಕೇಳಿದರೂ ಸರಿ, ಈ ಸಲ ನಿಮ್ಮ ಕಡೆ ತಿರುಗುತ್ತೇನೆ.

ರಜೆ ಮಂಜೂರಾಗಿದೆ. ಜನವರಿ ಹನ್ನೆರಡರ ರವಿವಾರ ಬೆಳಿಗ್ಗೆ ರೈಲು ಗದಗಿಗೆ ಮುಟ್ಟುತ್ತದೆ, ಅಲ್ಲಿಂದ ರೋಣ ಎಷ್ಟರ ದಾರಿ. ದಾದಿಗೆ ಹೇಳಿ, ಕೌದಿಯ ರೆಕ್ಕೆ ತೆರೆದಿಡಲಿ. ನಾನು ಇಳಿಯುತ್ತಿದ್ದೇನೆ.

ತನ್ವೀರ